ಉಕ್ಕಿನ ಹೊಸ ಕೋಡ್ ಯಾವಾಗಿನಿಂದ ಬಳಸಬೇಕು? ಕಲಬುರಗಿ, ಬೀದರ, ಯಾದಗಿರಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಪನೂರಿನ ದಾಲ್ ಮಿಲ್ ಶೆಡ್ಡು, ಹುಮನಾಬಾದಿನ ಗೋದಾಮು, ಕಡೇಚೂರಿನ ಕಾರ್ಖಾನೆ, ಊರೊಳಗಿನ ಕಲ್ಯಾಣ ಮಂಟಪದ ಪತ್ರಾ ಚಾವಣಿ. ಇಂಥವುಗಳ ಲೆಕ್ಕ ಹಾಕುವ ಎಂಜಿನಿಯರುಗಳು, ಕಟ್ಟಿಕೊಡುವ ಫ್ಯಾಬ್ರಿಕೇಟರುಗಳು, ದುಡ್ಡು ಹಾಕುವ ಮಾಲೀಕರು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಕೋಡ್ ಎಂದರೆ ಲೆಕ್ಕ ಹೇಗೆ ಹಾಕಬೇಕೆಂದು ಹೇಳುವ ಭಾರತೀಯ ಮಾನಕ (ಐಎಸ್), ಉಕ್ಕಿನ ಕಟ್ಟಡಕ್ಕೆ ಮುಖ್ಯವಾಗಿ ಐಎಸ್ 800. ಕೇಳಿದವರ ಮಾತಿನ ಧಾಟಿಯನ್ನು ಹಾಗೇ ಇಟ್ಟಿದ್ದೇನೆ.

ಹೊಸ ಕೋಡ್ ಬಂತಂದ್ರ ಮರುದಿನದಿಂದಲೇ ಬಳಸಬೇಕೇನ್ರಿ?

ಇಲ್ಲ. ಒಂದು ಕೋಡ್ ಪರಿಷ್ಕರಣೆಯಾದಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ರಾಜಪತ್ರದಲ್ಲಿ ಅಧಿಸೂಚನೆ ಹೊರಡಿಸುತ್ತದೆ. ಹೊಸದು ಜಾರಿಗೆ ಬರುವ ದಿನ ಒಂದು, ಹಳೆಯದನ್ನು ಹಿಂದಕ್ಕೆ ಪಡೆಯುವ ದಿನ ಇನ್ನೊಂದು. ಎರಡರ ನಡುವೆ ಅಂತರ ಕೊಟ್ಟಿದ್ದರೆ ಆ ಅವಧಿಯಲ್ಲಿ ಎರಡೂ ಚಾಲ್ತಿಯಲ್ಲಿರುತ್ತವೆ. ಇವಲ್ಲದೆ ಮೂರನೆಯ ತಾರೀಕು ಒಂದಿದೆ, ನಿಮ್ಮ ಕರಾರಿನದು. ನಿಮ್ಮನ್ನು ನಿಜವಾಗಿ ಕಟ್ಟಿಹಾಕುವುದು ಬಹಳ ಸಲ ಅದೇ.

ನಾನು ಪಾಲಿಸುವ ಪದ್ಧತಿ ಹೀಗಿದೆ. ಕಾಲಂ ಎಲ್ಲಿ, ಟ್ರಸ್ ಎಷ್ಟು ಅಗಲ ಎನ್ನುವುದೇ ಇನ್ನೂ ತೀರ್ಮಾನವಾಗದ ಕೆಲಸಕ್ಕೆ ಹೊಸ ಕೋಡ್ ಕೈಗೆ ಬಂದ ದಿನದಿಂದಲೇ ಅದನ್ನು ಹಿಡಿಯುತ್ತೇನೆ. ಡ್ರಾಯಿಂಗ್ ಫ್ಯಾಬ್ರಿಕೇಟರ್ ಕೈಗೆ ಹೋಗಿ ಆಂಗಲ್ ಕತ್ತರಿಸಲು ಶುರುವಾಗಿದ್ದರೆ ಹಳೆಯದರಲ್ಲೇ ಮುಗಿಸುತ್ತೇನೆ. ಆದರೆ ಹೊಸ ಪುಸ್ತಕ ಹಳೆಯದರ ಒಂದು ನಿಯಮವನ್ನು ಸಡಿಲವೆಂದು ಬಿಗಿ ಮಾಡಿದ್ದರೆ ಆ ಅಂಶವನ್ನು ಮಾತ್ರ ತೆಗೆದು ಮತ್ತೊಮ್ಮೆ ನೋಡಲೇಬೇಕು. ಹಳೆಯ ಕೋಡ್ ಇನ್ನೂ ಚಾಲ್ತಿಯಲ್ಲಿದೆ ಎಂಬುದು ಗೊತ್ತಿದ್ದ ದೋಷವನ್ನು ಬಿಟ್ಟುಬಿಡಲು ನೆಪವಾಗದು.

ಇದು ಕಾನೂನು ಪ್ರಕಾರ ಕಡ್ಡಾಯನಾ?

ಉಕ್ಕಿಗೆ ಒಂದು ಉತ್ತರ, ಲೆಕ್ಕಕ್ಕೆ ಇನ್ನೊಂದು. ಐಎಸ್ 2062 ಎಂಬ ಮಾನಕದ ಕಟ್ಟಡದ ಉಕ್ಕಿಗೆ ಕೇಂದ್ರ ಸರ್ಕಾರದ ಗುಣಮಟ್ಟ ನಿಯಂತ್ರಣ ಆದೇಶವಿದೆ. ಐಎಸ್‌ಐ ಗುರುತು ಇಲ್ಲದೆ ಆ ಮಾಲು ಮಾರುವಂತಿಲ್ಲ. ಐಎಸ್ 800 ವಿನ್ಯಾಸದ ಪದ್ಧತಿ ಹೇಳುವ ಕೋಡ್, ತಾನಾಗಿ ಅದು ಕಾನೂನಲ್ಲ. ಟೆಂಡರಿನಲ್ಲಿ, ಕಟ್ಟಡ ಉಪನಿಯಮದಲ್ಲಿ ಅಥವಾ ನಿಮ್ಮ ಕರಾರಿನಲ್ಲಿ ಅದರ ಹೆಸರು ಬಂದ ಕೂಡಲೇ ಕಡ್ಡಾಯವಾಗುತ್ತದೆ. ಎಲ್ಲೂ ಬರೆದಿಲ್ಲ, ಹಾಗಾಗಿ ಬೇಕಾದ್ದು ಮಾಡಬಹುದು ಎಂದುಕೊಳ್ಳಬೇಡಿ. ಶೆಡ್ ಕುಸಿದರೆ ತನಿಖೆಗೆ ಬಂದವರು ಮೊದಲು ಕೇಳುವುದೇ ಡಿಸೈನ್ ಮಾಡಿದ ದಿನ ಯಾವ ಕೋಡ್ ಜಾರಿಯಲ್ಲಿತ್ತು, ನೀವು ಯಾವುದಕ್ಕೆ ಲೆಕ್ಕ ಹಾಕಿದಿರಿ ಎಂದು.

84ರ ಕೋಡಿಗೂ 2007ರ ಕೋಡಿಗೂ ಅಷ್ಟೇನು ಫರಕು? ಹೊಸದರಲ್ಲಿ ಉಕ್ಕು ಉಳೀತದ ಅಂತಾರ, ಕೆಲವರು ಜಾಸ್ತಿ ಬೀಳ್ತದ ಅಂತಾರ.

ಇಬ್ಬರೂ ಅರ್ಧ ಸರಿ. ಐಎಸ್ 800 ಮೊದಲು ಬಂದದ್ದು 1956ರಲ್ಲಿ. 1962, 1984, 2007ರಲ್ಲಿ ಪರಿಷ್ಕರಣೆಯಾಯಿತು. 1984ರದು ವರ್ಕಿಂಗ್ ಸ್ಟ್ರೆಸ್ ಪದ್ಧತಿ, ಅಂದರೆ ಉಕ್ಕಿನ ಶಕ್ತಿಯ ಒಂದು ಪಾಲನ್ನಷ್ಟೇ ಬಳಸಲು ಬಿಡುವುದು. 2007ರದು ಮುಖ್ಯವಾಗಿ ಲಿಮಿಟ್ ಸ್ಟೇಟ್, ಅಂದರೆ ಹೊರೆಯನ್ನು ಗುಣಕದಿಂದ ಹೆಚ್ಚಿಸಿ, ಉಕ್ಕಿನ ಶಕ್ತಿಯನ್ನು ಗುಣಕದಿಂದ ತಗ್ಗಿಸಿ ಎರಡನ್ನೂ ತೂಗುವುದು.

ಬಾಯಿಮಾತು ಬಿಟ್ಟು ಒಂದು ಪಟ್ಟಿಯನ್ನೇ ನೋಡೋಣ. 100 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪ, ಚದರ ಮಿಲಿಮೀಟರಿಗೆ 250 ನ್ಯೂಟನ್ ಯೀಲ್ಡ್ ಸ್ಟ್ರೆಸ್ (ಉಕ್ಕು ಮರಳಿ ಬಾರದಂತೆ ಹಿಗ್ಗಲು ತೊಡಗುವ ಒತ್ತಡ) ಇರುವ ಮಾಮೂಲಿ ಉಕ್ಕು, ಬರೀ ಎಳೆತ. ಹಳೆಯ ಲೆಕ್ಕದಲ್ಲಿ ಯೀಲ್ಡ್ ಸ್ಟ್ರೆಸ್‌ನ ಶೇ. 60, ಅಂದರೆ 150 ಕಿಲೋನ್ಯೂಟನ್. ಹೊಸ ಲೆಕ್ಕದಲ್ಲಿ 250ನ್ನು 1.10ರಿಂದ ಭಾಗಿಸಿದರೆ 227 ಕಿಲೋನ್ಯೂಟನ್, ಅದನ್ನು ಹೊರೆಯ ಮೇಲಿನ 1.5 ಗುಣಕದಿಂದ ಭಾಗಿಸಿದರೆ ಸುಮಾರು 151.5. ಎರಡಕ್ಕೂ ಕೂದಲೆಳೆಯ ಅಂತರ. ಬರೀ ಸ್ವಂತ ಭಾರ, ಬಳಕೆಯ ಭಾರ ಹೊರುವ ಸದಸ್ಯಕ್ಕೆ (ಆಂಗಲ್, ಕಾಲಂನಂಥ ಬಿಡಿ ಭಾಗಕ್ಕೆ) ಸ್ಥೂಲವಾಗಿ ಹೀಗೇ.

ಗಾಳಿ ಬಂದಾಗ ಚಿತ್ರ ಬದಲಾಗುತ್ತದೆ. ಹಳೆಯ ಕೋಡ್ ಗಾಳಿ ಸೇರಿದಾಗ ಸದಸ್ಯಗಳ ಅನುಮತಿ ಒತ್ತಡವನ್ನು ಮೂರನೇ ಒಂದು ಭಾಗ ಏರಿಸಲು ಬಿಡುತ್ತಿತ್ತು. ನಮ್ಮ ಪಟ್ಟಿ ಆಗ 200 ಕಿಲೋನ್ಯೂಟನ್ ಹೊರುತ್ತಿತ್ತು. ಹೊಸ ಕೋಡಿನಲ್ಲಿ ಸ್ವಂತ ಭಾರ, ಬಳಕೆಯ ಭಾರ, ಗಾಳಿ ಮೂರೂ ಕೂಡಿದರೆ ಗುಣಕ 1.2, ಆಗ ಪಟ್ಟಿಗೆ 189. ಬಳಕೆಯ ಭಾರವಿಲ್ಲದೆ ಸ್ವಂತ ಭಾರ ಮತ್ತು ಗಾಳಿ ಮಾತ್ರ ಇದ್ದರೆ ಗುಣಕ 1.5, ಆಗ ಮತ್ತೆ 151.5. ಇದರ ಮೇಲೆ, ಸ್ವಂತ ಭಾರ ಗಾಳಿಯ ಎಳೆತಕ್ಕೆ ಎದುರಾಗಿ ನಿಂತು ಉಪಕಾರ ಮಾಡುತ್ತಿದ್ದರೆ ಅದನ್ನು 0.9ರಷ್ಟೇ ಹಿಡಿಯಬೇಕು.

ನಮ್ಮ ಕಡೆಯ ಹಗುರ ಪತ್ರಾ ಶೆಡ್ಡಿಗೆ ಇದೇ ತಾಗುವ ಜಾಗ. ಚದರ ಮೀಟರಿಗೆ ಗಾಳಿಯ ಎಳೆತ 0.80 ಕಿಲೋನ್ಯೂಟನ್, ಚಾವಣಿಯ ಸ್ವಂತ ಭಾರ 0.25 ಎಂದು ಹಿಡಿಯಿರಿ. ಹಳೆಯ ಲೆಕ್ಕದಲ್ಲಿ ಉಳಿಯುವ ಎಳೆತ 0.55, ಆ ಮೂರನೇ ಒಂದರ ರಿಯಾಯಿತಿಗಾಗಿ 1.33ರಿಂದ ಭಾಗಿಸಿದರೆ 0.41. ಹೊಸ ಲೆಕ್ಕದಲ್ಲಿ 1.5ರಿಂದ ಗುಣಿಸಿದ ಗಾಳಿ 1.20, ಅದರಲ್ಲಿ 0.225 ಕಳೆದರೆ 0.975, ಹಳೆಯದರ ಜೊತೆ ತೂಗಿ ನೋಡಲು 1.5ರಿಂದ ಭಾಗಿಸಿದರೆ 0.65. ಹಳೆಯದರ ಒಂದೂವರೆ ಪಟ್ಟು ದಾಟಿತು. ಟ್ರಸ್ಸಿನ ಕೆಳಗಿನ ಆಂಗಲ್ ಸಾಮಾನ್ಯ ದಿನ ಎಳೆತದಲ್ಲಿರುತ್ತದೆ. ಗಾಳಿ ಚಾವಣಿಯನ್ನು ಮೇಲಕ್ಕೆ ಎಳೆದಾಗ ಅದೇ ಆಂಗಲ್ ಒತ್ತಡಕ್ಕೆ ತಿರುಗಿ ಬಕಲ್ ಆಗುತ್ತದೆ, ಅಂದರೆ ಪಕ್ಕಕ್ಕೆ ಬಾಗಿಬಿಡುತ್ತದೆ. ಹಳೆಯ ಕೋಡಿನಲ್ಲಿ ಹೇಗೋ ಪಾಸಾದ ಆಂಗಲ್ ಹೊಸದರಲ್ಲಿ ಫೇಲಾಗುವುದು ಹೆಚ್ಚಾಗಿ ಇಲ್ಲೇ. ದೊಡ್ಡ ಆಂಗಲ್ ಹಾಕುವ ಮುಂಚೆ ಕೆಳಗಿನ ಜೋಡಣೆಗಳಿಗೆ ಅಡ್ಡ ಟೈ ಕೊಟ್ಟು ಆ ಆಂಗಲ್ಲಿನ ಉದ್ದ ಒಡೆಯಿರಿ, ಅಗ್ಗವಾಗುತ್ತದೆ.

ಇನ್ನುಳಿದ ಬದಲಾವಣೆಗಳು ಬೇಗ ಹೇಳಬಹುದಾದವು: ಕಾಲಂಗಳಿಗೆ ಒಂದೇ ಬಕಲಿಂಗ್ ರೇಖೆಯ ಬದಲು ನಾಲ್ಕು, ಸೆಕ್ಷನ್ನುಗಳನ್ನು ಪ್ಲಾಸ್ಟಿಕ್, ಕಾಂಪ್ಯಾಕ್ಟ್, ಸೆಮಿ ಕಾಂಪ್ಯಾಕ್ಟ್, ಸ್ಲೆಂಡರ್ ಎಂದು ವಿಂಗಡಿಸುವುದು, ಬೋಲ್ಟ್ ತೂತುಗಳ ಸುತ್ತ ಗಸೆಟ್ ಪ್ಲೇಟಿನ (ಜೋಡಣೆಯ ತಗಡಿನ) ತುಂಡೇ ಕಿತ್ತು ಬರುವ ಬ್ಲಾಕ್ ಶಿಯರ್ ಪರೀಕ್ಷೆ. ಕೊನೆಯದನ್ನು ಎರಡು ಬೋಲ್ಟಿನ ಸಣ್ಣ ಜೋಡಣೆಗೂ ಮಾಡಿ.

ನಮ್ಮ ಆಫೀಸಿನ ಹಿರಿಯರು 84ರ ಪುಸ್ತಕ ಬಿಡ್ತಿಲ್ಲ. ನಾನೇನು ಮಾಡ್ಲಿ?

ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಿಂದಲೋ ಭಾಲ್ಕಿಯ ಕಾಲೇಜಿನಿಂದಲೋ ಲಿಮಿಟ್ ಸ್ಟೇಟ್ ಕಲಿತು ಬಂದ ಹುಡುಗರೆಲ್ಲ ಕೇಳುವ ಪ್ರಶ್ನೆ ಇದು. ಜಗಳಕ್ಕೆ ಹೋಗಬೇಡಿ. 2007ರ ಕೋಡಿನ 11ನೇ ಅಧ್ಯಾಯವೇ ವರ್ಕಿಂಗ್ ಸ್ಟ್ರೆಸ್ ಪದ್ಧತಿಯದು. ಹಿರಿಯರಿಗೆ ಆ ಪದ್ಧತಿಯೇ ಬೇಕಿದ್ದರೆ ಆ ಅಧ್ಯಾಯದಲ್ಲಿ ಮಾಡಲಿ. 84ರ ಪುಸ್ತಕದಲ್ಲಿ ಬೇಡ. ಇನ್ನೊಂದು ಮಾತು: ಅವರು ಕೈಲೆಕ್ಕದಲ್ಲಿ ಒಂದು ಟ್ರಸ್ಸನ್ನು ಮಾಡುವಾಗ ಪಕ್ಕದಲ್ಲಿ ಕೂತು ನೋಡಿ. ಯಾವ ಸದಸ್ಯದಲ್ಲಿ ಎಷ್ಟು ಬಲ ಬರಬೇಕು ಎಂಬ ಅಂದಾಜು ಅವರಿಗೆ ಕಂಪ್ಯೂಟರಿಗಿಂತ ಮೊದಲೇ ಸಿಗುತ್ತದೆ. ಆ ಅಂದಾಜು ಯಾವ ಪರಿಷ್ಕರಣೆಗೂ ಹಳತಾಗುವುದಿಲ್ಲ.

ಗಾಳಿ ಕೋಡ್ 2015ರದು ಬಳಸಿ, ಉಕ್ಕಿನ ಲೆಕ್ಕ ಹಳೇ ಪದ್ಧತಿಲೇ ಮಾಡಿದ್ರ ನಡೀತದೇನ್ರಿ?

ನಡೆಯುವುದಿಲ್ಲ. ನಾನು ನೋಡುವ ತಪ್ಪುಗಳಲ್ಲಿ ಹೆಚ್ಚು ಅಪಾಯದ್ದು ಇದೇ.

ಗಾಳಿಯ ಕೋಡಾದ ಐಎಸ್ 875ರ 3ನೇ ಭಾಗ 1987ರ ನಂತರ 2015ರಲ್ಲಿ ಪರಿಷ್ಕರಣೆಯಾಯಿತು. ಅದರಲ್ಲಿ ಗಾಳಿಯ ದಿಕ್ಕಿಗೆ 0.9ರ ಗುಣಕ ಇದೆ. ಗಾಳಿ ತಾಗುವ ವಿಸ್ತೀರ್ಣ 100 ಚದರ ಮೀಟರ್ ದಾಟಿದರೆ 0.8ರ ಇನ್ನೊಂದು ಗುಣಕ, ಚಾವಣಿ ಗೋಡೆ ಎರಡರ ಹೊರೆ ಒಟ್ಟಿಗೆ ಹೊರುವ ಚೌಕಟ್ಟಿಗೆ ಮತ್ತೊಂದು. ಎಲ್ಲ ಕೂಡಿ ಎಷ್ಟೇ ಕಮ್ಮಿಯಾದರೂ ಮೂಲ ಒತ್ತಡದ 0.7ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹೀಗೆ ಮುಖ್ಯ ಚೌಕಟ್ಟಿನ ಮೇಲಿನ ಗಾಳಿ 1987ರ ಲೆಕ್ಕಕ್ಕಿಂತ ಕಡಿಮೆಯಾಗಬಹುದು. ಹೊಸ ಕೋಡ್ ಅಂದ ಮಾತ್ರಕ್ಕೆ ಉಕ್ಕು ಜಾಸ್ತಿ ಎಂದಲ್ಲ. ಈ ರಿಯಾಯಿತಿ ತೆಗೆದುಕೊಂಡು, 84ರ ಕೋಡಿನ ಮೂರನೇ ಒಂದರ ರಿಯಾಯಿತಿಯನ್ನೂ ಮೇಲೆ ಹಾಕಿಕೊಂಡರೆ ಎರಡು ಅಂಗಡಿಯ ಸೋಡಿಯನ್ನು ಒಂದೇ ಬಿಲ್ಲಿನಲ್ಲಿ ಮುರಿದುಕೊಂಡಂತೆ. ಒಂದು ಕೋಡ್ ಬರೆದವರು ಇನ್ನೊಂದು ಕೋಡಿನ ಸಡಿಲು ಗೊತ್ತಿಟ್ಟುಕೊಂಡೇ ತಮ್ಮದನ್ನು ಬಿಗಿ ಮಾಡಿರುತ್ತಾರೆ. ಹೊರೆ, ಬಲ, ಉಕ್ಕು, ಬೋಲ್ಟು, ಎಲ್ಲ ಒಂದೇ ಕಾಲದ ಸಂಸಾರದಿಂದ ಬರಬೇಕು.

ನಮ್ಮ ಊರಿಗೆ ಗಾಳಿ ವೇಗ ಎಷ್ಟು ಹಿಡೀಬೇಕು? ಬೆಂಗಳೂರಿನ ಡ್ರಾಯಿಂಗ್ ಇದೆ, ಅದನ್ನೇ ಹಾಕ್ತೀವಿ.

ದಯವಿಟ್ಟು ಬೇಡ. ಕೋಡಿನ ಪಟ್ಟಿಯಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಹೈದರಾಬಾದಿಗೆ 44. ನಮ್ಮ ಸೈಟು ಎಲ್ಲಿ ಬೀಳುತ್ತದೆ ಎನ್ನುವುದನ್ನು ಕೋಡಿನ ನಕಾಶೆಯ ಮೇಲೆ ಗುರುತು ಹಾಕಿ ಓದಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಏರುತ್ತದೆ. ಬೇರೆ ಗುಣಕಗಳೆಲ್ಲ 1 ಇದ್ದರೆ 33ಕ್ಕೆ ಚದರ ಮೀಟರಿಗೆ 653 ನ್ಯೂಟನ್, 39ಕ್ಕೆ 913, 44ಕ್ಕೆ 1162. ವೇಗ ಮೂರನೇ ಒಂದು ಭಾಗ ಏರಿದರೆ ಒತ್ತಡ ಮುಕ್ಕಾಲು ಪಾಲಿಗೂ ಮೇಲೆ ಏರುತ್ತದೆ. ಬೆಂಗಳೂರಿನಿಂದ ತಂದ ಡ್ರಾಯಿಂಗ್ ಎಷ್ಟೇ ಹೊಸ ಕೋಡಿನದಾಗಿರಲಿ, ಇಲ್ಲಿ ಅದು ತಪ್ಪು ಲೆಕ್ಕ.

ಒಳಗಿನ ಒತ್ತಡವನ್ನೂ ಮರೆಯಬೇಡಿ. ಗೋಡೆಯ ಶೇ. 5ಕ್ಕಿಂತ ಕಡಿಮೆ ತೆರೆದಿದ್ದರೆ ಗುಣಾಂಕ 0.2, 5ರಿಂದ 20ರವರೆಗೆ 0.5, ಅದಕ್ಕೂ ಹೆಚ್ಚಿದ್ದರೆ 0.7. ದಾಲ್ ಮಿಲ್ಲಿನಲ್ಲಿ ಬೇಳೆ ಒಣಗಿಸುವ ಕಟ್ಟೆಯ ಕಡೆ ಪೂರಾ ಬಾಯಿ ತೆರೆದಿಡುತ್ತಾರೆ. ಡ್ರಾಯಿಂಗಿನಲ್ಲಿ ರೋಲಿಂಗ್ ಶಟರ್ ತೋರಿಸಿದ್ದರೂ ಬೇಸಿಗೆಯಲ್ಲಿ ಅದು ಮೇಲೇ ಇರುತ್ತದೆ. ಏಪ್ರಿಲ್ ಮೇ ತಿಂಗಳ ಬಿರುಗಾಳಿ ಬರುವುದೂ ಆಗಲೇ. ಶಟರ್ ಮುಚ್ಚಿದೆ ಎಂದು ಹಿಡಿದು ಲೆಕ್ಕ ಹಾಕಬೇಡಿ. ಪತ್ರಾ ಹಾರಿ ಪಕ್ಕದ ಹೊಲಕ್ಕೆ ಬಿದ್ದ ಮೇಲೆ ನೋಡಿದರೆ ಟ್ರಸ್ ನೆಟ್ಟಗಿರುತ್ತದೆ, ಅಂಚಿನ ಪರ್ಲಿನ್ನಿನ (ಪತ್ರಾ ಕೂರುವ ಅಡ್ಡ ತೊಲೆಯ) ಕ್ಲೀಟು, ಸ್ಕ್ರೂ ಕಿತ್ತು ಬಂದಿರುತ್ತವೆ. ಮೂಲೆ ಅಂಚುಗಳಿಗೆ ಸ್ಥಳೀಯ ಗುಣಾಂಕ ಬೇರೆಯೇ ಇದೆ. ಸಣ್ಣ ವಿಸ್ತೀರ್ಣಕ್ಕೆ ಆ 0.8ರ ರಿಯಾಯಿತಿಯೂ ಇಲ್ಲ.

ಭೂಕಂಪ ನಮ್ಮ ಕಡೆ ಎಲ್ಲಿ ಬರ್ತದ್ರಿ?

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪವಾದಾಗ ಆ ಪ್ರದೇಶ ಅಂದಿನ ನಕಾಶೆಯಲ್ಲಿ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಬೀದರ, ಕಲಬುರಗಿಯ ಹಿರಿಯರಿಗೆ ಆ ನಸುಕು ಇನ್ನೂ ನೆನಪಿದೆ. 2002ರಲ್ಲಿ ಭೂಕಂಪದ ಕೋಡಾದ ಐಎಸ್ 1893 ಪರಿಷ್ಕರಣೆಯಾದಾಗ 1ನೇ ವಲಯವನ್ನೇ ತೆಗೆದುಹಾಕಿದರು, ಕಿಲ್ಲಾರಿ ಸುತ್ತಲಿನದು 3ನೇ ವಲಯಕ್ಕೆ ಹೋಯಿತು. ಭೂಕಂಪ ಆದದ್ದು 1993ರಲ್ಲಿ, ನಕಾಶೆ ಬದಲಾದದ್ದು 2002ರಲ್ಲಿ. ನಡುವಿನ ವರ್ಷಗಳಲ್ಲಿ ಆ ಸೀಮೆಯಲ್ಲಿ ಡಿಸೈನ್ ಮಾಡುತ್ತಿದ್ದ ಎಂಜಿನಿಯರ್ ಹಳೆಯ ನಕಾಶೆಯನ್ನೇ ನೆಚ್ಚಿಕೊಂಡು ಕೂರಬೇಕಿತ್ತೇ? ಕೋಡ್ ಯಾವಾಗ ಅಳವಡಿಸಿಕೊಳ್ಳಬೇಕು ಎಂಬ ಚರ್ಚೆ ಬಂದಾಗಲೆಲ್ಲ ನಾನು ಎತ್ತುವ ಉದಾಹರಣೆ ಇದು. ತಾರೀಕು ಕರಾರಿಗೆ ಬೇಕು, ನೆಲಕ್ಕೆ ಅದು ಗೊತ್ತಿಲ್ಲ.

2002 ಮತ್ತು 2016ರ ಪರಿಷ್ಕರಣೆಗಳಲ್ಲಿ ಕಲಬುರಗಿ ನಗರ 2ನೇ ವಲಯ, ಗುಣಾಂಕ 0.10. ಮಹಾರಾಷ್ಟ್ರದ ಗಡಿಗೆ ಸಾಗಿದಂತೆ ವಲಯದ ಗೆರೆ ಹತ್ತಿರವಾಗುತ್ತದೆ, ಜಿಲ್ಲೆಯೆಲ್ಲಕ್ಕೂ ಒಂದೇ ಎಂದು ಹಿಡಿಯದೆ ಸೈಟಿನ ಜಾಗ ನೋಡಿ. ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ 2021ರಲ್ಲಿ ಮೇಲಿಂದ ಮೇಲೆ ಕಂಪನವಾಗಿ ಜನ ಮನೆ ಬಿಟ್ಟು ಹೊರಗೆ ಮಲಗಿದ್ದೂ ಉಂಟು.

ಹಗುರ ಶೆಡ್ಡಿಗೆ ಸಾಮಾನ್ಯವಾಗಿ ಗಾಳಿಯೇ ಮೇಲುಗೈ. ಉಕ್ಕಿನ ಕಾಲುಗಳ ಮೇಲೆ ತೊಗರಿ ತುಂಬುವ ಬಿನ್, ನೀರಿನ ಟ್ಯಾಂಕು, ಸಾಮಾನು ತುಂಬಿದ ಮೆಜನೈನ್ (ಶೆಡ್ಡಿನೊಳಗಿನ ನಡು ಅಟ್ಟ) ಇದ್ದರೆ ಭೂಕಂಪದ ಲೆಕ್ಕ ಬಿಡುವಂತಿಲ್ಲ. ಉಕ್ಕಿನ ಕಟ್ಟಡಗಳ ಭೂಕಂಪ ವಿನ್ಯಾಸಕ್ಕೆಂದೇ 2023ರಲ್ಲಿ ಐಎಸ್ 18168 ಬಂದಿದೆ. ಐಎಸ್ 800ರ 12ನೇ ಅಧ್ಯಾಯಕ್ಕೇ ನಿಲ್ಲಿಸದೆ ಅದನ್ನೂ ತೆಗೆದು ನೋಡಿ.

ಹಳೇ ಶೆಡ್ ಐತ್ರಿ, 84ರ ಕೋಡಿನದು. ಈಗ ಅದನ್ನ ಬಿಚ್ಚಬೇಕೇನು?

ಬೇಡ. ಹೊಸ ಕೋಡ್ ಹಿಂದಿನ ಕಟ್ಟಡಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಆದರೆ ನೀವು ಕೈ ಹಚ್ಚಿದ ದಿನ ಪ್ರಶ್ನೆ ಏಳುತ್ತದೆ. ಚಾವಣಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವುದು, ಟ್ರಸ್ಸಿಗೆ ಕನ್ವೇಯರ್ ನೇತುಹಾಕುವುದು, ಒಂದು ಗೋಡೆ ತೆಗೆದು ಬಾಯಿ ದೊಡ್ಡದು ಮಾಡುವುದು, ಇವೆಲ್ಲ ಹೊಸ ಕೆಲಸಗಳೇ. ಸೇರಿಸುವ ಭಾಗವನ್ನೂ ಅದರಿಂದ ಹೊರೆ ಬದಲಾಗುವ ಹಳೆಯ ಸದಸ್ಯಗಳನ್ನೂ ಈಗಿನ ಕೋಡಿಗೆ ನೋಡಿ. ಲೆಕ್ಕಕ್ಕೂ ಮುಂಚೆ ಕಾಲಂ ಬುಡದ ಮಣ್ಣು ಸರಿಸಿ ತುಕ್ಕು ಎಷ್ಟು ತಿಂದಿದೆ ಅಳೆಯಿರಿ. ಡ್ರಾಯಿಂಗಿನಲ್ಲಿ 8 ಮಿಲಿಮೀಟರ್ ಇದ್ದದ್ದು ಅಲ್ಲಿ 5 ಸಿಕ್ಕರೆ ಯಾವ ಇಸವಿಯ ಕೋಡಾದರೂ ಒಂದೇ.

ಸರ್ಕಾರಿ ಕೆಲಸ ನಡುವೆ ಇದ್ದಾಗ ಕೋಡ್ ಬದಲಾದ್ರ?

ಟೆಂಡರ್ ಕಾಗದ ತೆರೆದು ನೋಡಿ. "ಟೆಂಡರ್ ದಿನದವರೆಗಿನ ತಿದ್ದುಪಡಿಗಳೊಂದಿಗೆ" ಎಂಬ ಅರ್ಥದ ಸಾಲು ಇದ್ದರೆ ಅಲ್ಲಿಗೆ ಕೋಡ್ ನಿಂತಿತು. ಗುತ್ತಿಗೆದಾರ ಬೆಲೆ ಹಾಕಿದ್ದೇ ಆ ಆಧಾರದ ಮೇಲೆ. ಹೊಸದಕ್ಕೆ ಬದಲಿಸಬೇಕು ಎಂದು ಇಲಾಖೆಯವರು ಬಾಯಲ್ಲಿ ಹೇಳಿದರೆ ಬರವಣಿಗೆಯಲ್ಲಿ ಕೊಡಿ ಎನ್ನಿ, ಉಕ್ಕು ಹೆಚ್ಚಾದರೆ ಹೆಚ್ಚುವರಿ ಬಾಬ್ತಾಗಿ ತೋರಿಸಿ. ಹೊಸ ಕೋಡ್ ಸುರಕ್ಷತೆಯ ಮಾತೆತ್ತಿದ್ದರೆ ಇಲಾಖೆಗೆ ಮೊದಲು ಪತ್ರ ಬರೆಯಬೇಕಾದವರು ನೀವು, ಅವರು ಕೇಳಲಿ ಎಂದು ಕಾಯಬೇಡಿ. ಇನ್ನು ಸೇತುವೆಯಾದರೆ ಐಎಸ್ 800 ನೋಡಬೇಡಿ. ರಸ್ತೆಯದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 24, ಅದು 2010ರಲ್ಲಿ ಲಿಮಿಟ್ ಸ್ಟೇಟಿಗೆ ಬಂತು. ರೈಲಿನದಕ್ಕೆ ರೈಲ್ವೆಯದೇ ಕೋಡ್.

ಕರಡು ಕೋಡ್ ವಾಟ್ಸಾಪಿನಲ್ಲಿ ಬಂದದ. ಅದನ್ನೇ ಬಳಸಲೇನು?

ಓದಿ, ಬಳಸಬೇಡಿ. ಕರಡನ್ನು ಬಿಐಎಸ್ ಅಭಿಪ್ರಾಯಕ್ಕೆಂದು ಹೊರಬಿಡುತ್ತದೆ, ಅಂತಿಮ ಪ್ರತಿಯಲ್ಲಿ ಅಂಕಿಗಳು ಬದಲಾಗಬಹುದು. ನಮ್ಮ ಭಾಗದಿಂದ ಅಭಿಪ್ರಾಯ ಕಳಿಸುವವರು ಕಮ್ಮಿ. ಸೈಟಿನಲ್ಲಿ ಕಾಣುವ ತೊಂದರೆಗಳನ್ನು ಬರೆದು ಕಳಿಸಿ, ಉಕ್ಕಿನ ರಚನೆಗಳ ಸಮಿತಿಯ ಹೆಸರು ಸಿಇಡಿ 7.

ಹಳೇ ಡ್ರಾಯಿಂಗಿನಲ್ಲಿ ಐಎಸ್ 226 ಅಂತ ಐತಿ. ಈಗ ಅದು ಸಿಗ್ತದಾ?

ಸಿಗುವುದಿಲ್ಲ, ಅದು ಐಎಸ್ 2062ರಲ್ಲಿ ಸೇರಿಹೋಗಿ ಬಹಳ ಕಾಲವಾಯಿತು. ಈಗ ಇ 250, ಇ 350 ಎಂದು ಗ್ರೇಡ್ ಬರೆಯಬೇಕು. ಇ 250 ಎಂದರೆ ಎಲ್ಲ ದಪ್ಪಕ್ಕೂ 250 ಅಲ್ಲ: 20 ಮಿಲಿಮೀಟರಿನಿಂದ 40ರವರೆಗೆ 240, ಅದಕ್ಕೂ ದಪ್ಪವಿದ್ದರೆ 230. ಬೇಸ್ ಪ್ಲೇಟ್ ಲೆಕ್ಕದಲ್ಲಿ ಇದನ್ನು ಮರೆಯುವವರೇ ಹೆಚ್ಚು. ಮಿಲ್ ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರು (ಉಕ್ಕು ಕರಗಿಸಿದ ಸರದಿಯ ಸಂಖ್ಯೆ) ಮಾಲಿನ ಮೇಲಿನ ನಂಬರಿಗೆ ಕೂಡಬೇಕು. ಆಮೇಲೆ ಒಂದು ತುಂಡು ಕತ್ತರಿಸಿ ತಕ್ಕಡಿಗೆ ಹಾಕಿ. ಟೇಬಲ್ಲಿನ ತೂಕಕ್ಕೂ ಇದಕ್ಕೂ ಅಂತರ ಜಾಸ್ತಿ ಕಂಡರೆ ವರ್ನಿಯರ್ ಹಿಡಿದು ದಪ್ಪ ಅಳೆಯಿರಿ. ಹಗುರ ಮಾಲಿನ ಮೇಲೆ ಹೊಸ ಕೋಡಿನ ಲೆಕ್ಕ ಕೂರುವುದಿಲ್ಲ.

ಸ್ಟ್ಯಾಡ್ ಹೊಸದಿದ್ರ ಕೋಡೂ ಹೊಸದೇ ಅಲ್ಲೇನ್ರಿ?

ಅಲ್ಲ. ಸ್ಟ್ಯಾಡ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಅಷ್ಟೇ. ಅದರಲ್ಲಿ ಹಳೆಯ ಕೋಡೂ ಇದೆ, 2007ರ ಎರಡು ಪದ್ಧತಿಗಳೂ ಬೇರೆ ಬೇರೆ ಆಯ್ಕೆಗಳಾಗಿ ಇವೆ. ಹಳೆಯ ಕೆಲಸದ ಫೈಲ್ ತೆರೆದು ಅಳತೆ ಬದಲಿಸಿ ಓಡಿಸಿದರೆ ಹಳೆಯ ಕೋಡೇ ಓಡುತ್ತದೆ. ಲೋಡ್ ಕಾಂಬಿನೇಶನ್ನಿನಲ್ಲಿ 0.75ರ ಗುಣಕ ಕಂಡರೆ ಅಲ್ಲೇ ನಿಲ್ಲಿಸಿ, ಅದು ಆ ಮೂರನೇ ಒಂದರ ರಿಯಾಯಿತಿಯ ಇನ್ನೊಂದು ವೇಷ.

ಪಿಇಬಿ ಕಂಪನಿಯವರು ಅಮೆರಿಕದ ಕೋಡಿನಲ್ಲಿ ಮಾಡಿಕೊಡ್ತೀವಿ, ಹಗುರ ಬೀಳ್ತದ ಅಂತಾರ.

ಪಿಇಬಿ ಎಂದರೆ ಕಾರ್ಖಾನೆಯಲ್ಲೇ ಭಾಗಗಳನ್ನು ಸಿದ್ಧಮಾಡಿ ತಂದು ಜೋಡಿಸುವ ಉಕ್ಕಿನ ಕಟ್ಟಡ. ಹಗುರ ಬೀಳುವುದು ನಿಜ. ಚಾವಣಿಯ ಬಳಕೆಯ ಭಾರ ಅವರ ಪದ್ಧತಿಯಲ್ಲಿ ಚದರ ಮೀಟರಿಗೆ 0.57 ಕಿಲೋನ್ಯೂಟನ್, ನಮ್ಮ ಐಎಸ್ 875ರಲ್ಲಿ ಜನ ಹತ್ತದ ಚಾವಣಿಗೆ 0.75. ತೆಳು ವೆಬ್, ತೆಳು ಫ್ಲ್ಯಾಂಜ್ ಬಳಸುವುದರಲ್ಲೂ ಅವರ ಮಿತಿ ನಮ್ಮದಕ್ಕಿಂತ ಸಡಿಲ. ಅಮೆರಿಕದಲ್ಲಿ ಅವರ ಉಕ್ಕಿನ ಕೋಡಾದ ಎಐಎಸ್‌ಸಿ 360ರ ಹೊಸ ಆವೃತ್ತಿ ಬಂದರೂ ಆಯಾ ಊರಿನ ಕಟ್ಟಡ ನಿಯಮ ಅದನ್ನು ಹೆಸರಿಸಿ ಒಪ್ಪಿಕೊಂಡ ಮೇಲೆಯೇ ಅಲ್ಲಿ ಕಡ್ಡಾಯ. ಅಲ್ಲಿಯ ಎಂಜಿನಿಯರುಗಳದೂ ನಮ್ಮದೇ ಪ್ರಶ್ನೆ. ಮಾಲೀಕರು ಒಪ್ಪಿ, ಕರಾರಿನಲ್ಲಿ ಬರೆದು ಮಾಡಿದರೆ ಪರದೇಶದ ಕೋಡಿಗೆ ನನ್ನ ವಿರೋಧವಿಲ್ಲ. ಗಾಳಿ ನಮ್ಮ ನಕಾಶೆಯದು, ಗುಣಕ ಅವರ ಪುಸ್ತಕದ್ದು ಎಂದು ಕಲಸಿದರೆ ಮಾತ್ರ ಒಪ್ಪುವುದಿಲ್ಲ. ಎರಡು ದೇಶದವರು ಮೂಲ ವೇಗವನ್ನು ಲೆಕ್ಕ ಹಿಡಿಯುವ ರೀತಿಯೇ ಬೇರೆ. ಎರಡು ಕೊಟೇಶನ್ ಹೋಲಿಸುವಾಗ ಕಿಲೋದ ದರ ಕೇಳುವ ಮುಂಚೆ ಎರಡಕ್ಕೂ ಹಿಡಿದ ಕೋಡ್ ಒಂದೇ ಇದೆಯೇ ಕೇಳಿ.

ಕೋಡ್ ಎಲ್ಲಿ ಸಿಗ್ತದ? ಜೆರಾಕ್ಸ್ ಪ್ರತಿ ಇಟ್ಕೊಂಡೀವಿ.

ಬಿಐಎಸ್ ಪೋರ್ಟಲ್ಲಿನಲ್ಲಿ ಭಾರತೀಯ ಮಾನಕಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಜೆರಾಕ್ಸಿನಲ್ಲಿ ತಿದ್ದುಪಡಿ ಹಾಳೆಗಳು ಇರುವುದಿಲ್ಲ, ತೊಂದರೆ ಅಲ್ಲೇ. ಕೆಲಸ ಶುರುವಾಗುವ ದಿನ ಪೋರ್ಟಲ್ ತೆರೆದು ಯಾವ ಆವೃತ್ತಿ, ಎಷ್ಟು ತಿದ್ದುಪಡಿ ನೋಡಿ, ಆ ಪುಟವನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿ.

ಹಂಗಿದ್ರ ಡ್ರಾಯಿಂಗ್ ಮೇಲೆ ಏನು ಬರೀಬೇಕ್ರಿ?

"ಸಂಬಂಧಪಟ್ಟ ಐಎಸ್ ಕೋಡ್ ಪ್ರಕಾರ" ಎಂಬ ಸಾಲನ್ನು ಮೊದಲು ಅಳಿಸಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಜಾಗದಲ್ಲಿ ಹೀಗೆ ಬರೆಯಿರಿ: ವಿನ್ಯಾಸ ಐಎಸ್ 800:2007, ಲಿಮಿಟ್ ಸ್ಟೇಟ್ ಪದ್ಧತಿ, ಇಷ್ಟನೇ ತಿದ್ದುಪಡಿವರೆಗೆ, ಗಾಳಿ ಐಎಸ್ 875 ಭಾಗ 3:2015, ಮೂಲ ವೇಗ ಇಷ್ಟು, ಒಳ ಒತ್ತಡದ ಗುಣಾಂಕ ಇಷ್ಟು, ಭೂಕಂಪ ಇಂಥ ಇಸವಿಯ ಐಎಸ್ 1893, ವಲಯ ಇದು, ಉಕ್ಕು ಐಎಸ್ 2062, ಗ್ರೇಡ್ ಇದು, ವಿನ್ಯಾಸದ ಆಧಾರ ನಿಗದಿಯಾದ ದಿನಾಂಕ ಇದು.

ಇದರ ಕೆಳಗೆ ಯಾವ ವೆಲ್ಡ್ ವರ್ಕ್‌ಶಾಪಿನಲ್ಲಿ, ಯಾವುದು ಸೈಟಿನಲ್ಲಿ ಎಂದು ಗುರುತು ಹಾಕಿ. 2007ರ ಕೋಡಿನಲ್ಲಿ ವರ್ಕ್‌ಶಾಪ್ ವೆಲ್ಡಿಗೆ ಗುಣಕ 1.25, ಸೈಟ್ ವೆಲ್ಡಿಗೆ 1.50. ಇ 250 ಉಕ್ಕಿಗೆ 6 ಮಿಲಿಮೀಟರಿನ ಫಿಲೆಟ್ ವೆಲ್ಡ್ ವರ್ಕ್‌ಶಾಪಿನಲ್ಲಿ ಹಾಕಿದರೆ ಮಿಲಿಮೀಟರ್ ಉದ್ದಕ್ಕೆ ಸುಮಾರು 795 ನ್ಯೂಟನ್, ಅದನ್ನೇ ಸೈಟಿನಲ್ಲಿ ಹಾಕಿದರೆ 663. ನಮ್ಮ ಕಡೆ ಟ್ರಸ್ಸನ್ನು ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಬಯಲಲ್ಲೇ ಕೂತು ವೆಲ್ಡ್ ಮಾಡುವುದು ಸಾಮಾನ್ಯ. ಹಾಗಿದ್ದರೆ 1.50 ಹಿಡಿದು ವೆಲ್ಡಿನ ಉದ್ದವನ್ನು ಐದನೇ ಒಂದು ಭಾಗ ಹೆಚ್ಚು ಬರೆಯಿರಿ. ಆ ಉದ್ದವನ್ನು ಮಿಲಿಮೀಟರಿನಲ್ಲಿ, ವೆಲ್ಡರಿಗೆ ದೂರದಿಂದ ಕಾಣುವಷ್ಟು ದೊಡ್ಡ ಅಂಕಿಯಲ್ಲಿ ಬರೆಯಿರಿ.